ಕೆಲಸದಲ್ಲಿ ಪೆಟ್ಟಾದರೆ: ಪರಿಹಾರದ ಕಾನೂನು ಮತ್ತು ಮೊದಲ ವಾರದ ಕಾಗದಗಳು

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಪಿಎಫ್ ಕಾಗದ, ಬಾಕಿ ಸಂಬಳದ ದೂರು, ಅಪಘಾತದ ಅರ್ಜಿ ಮುಂತಾದವನ್ನು ಬರೆದುಕೊಡುವುದು ನನ್ನ ಕೆಲಸ. ನಾನು ವಕೀಲನಲ್ಲ. ಆದರೆ ಪರಿಹಾರದ ಪ್ರಕರಣಗಳು ಹೇಗೆ ಹುಟ್ಟಿ ಹೇಗೆ ಮುಗಿಯುತ್ತವೆ ಎಂಬುದನ್ನು ವಕೀಲರ ಕಚೇರಿಗಿಂತ ಮೊದಲಿನ ಹಂತದಲ್ಲಿ ನೋಡುವ ಅವಕಾಶ ನನಗೆ ಸಿಗುತ್ತದೆ. ಹೀಗೆ ನೋಡುತ್ತಾ ಬಂದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಈ ಕಾನೂನು ಬಹುಮಟ್ಟಿಗೆ ಕಾರ್ಮಿಕರ ಕಡೆಗೇ ಇದೆ. ಹಾಗಿದ್ದೂ ಅರ್ಜಿ ಸೊರಗುವುದು ಎರಡೇ ಎರಡು ಪ್ರಶ್ನೆಗಳಲ್ಲಿ: ಈತ ಅಲ್ಲಿ ನಿಜವಾಗಿಯೂ ಕೆಲಸಕ್ಕಿದ್ದನೇ, ಮತ್ತು ಪೆಟ್ಟು ಆ ಕೆಲಸ ಮಾಡುವಾಗಲೇ ಆಯಿತೇ? ಇವೆರಡಕ್ಕೂ ಉತ್ತರ ಅಪಘಾತವಾದ ಮೊದಲ ವಾರದಲ್ಲಿ ಯಾರೋ ಎಲ್ಲೋ ಬರೆದಿಟ್ಟ ಕಾಗದಗಳಲ್ಲಿ ಇರುತ್ತದೆ, ಇಲ್ಲವೇ ಎಂದಿಗೂ ಇರುವುದಿಲ್ಲ.

ಮೊದಲು ಕಾನೂನಿನ ಹಿನ್ನೆಲೆ. ಕಾರ್ಮಿಕರ ನಷ್ಟಪರಿಹಾರ ಕಾಯ್ದೆ 1923ರಲ್ಲಿ ಆಯಿತು, 1924ರ ಜುಲೈ 1ರಿಂದ ಜಾರಿಗೆ ಬಂತು. 2010ರ ಜನವರಿಯಿಂದ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದು ಬದಲಾಯಿತು. ಅದು ಕೇಂದ್ರದ ಕಾಯ್ದೆಯಾದರೂ ಪರಿಹಾರ ಆಯುಕ್ತರನ್ನು ನೇಮಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳೇ ಆಯುಕ್ತರಾಗಿ ಈ ಪ್ರಕರಣಗಳನ್ನು ವಿಚಾರಿಸುತ್ತಿದ್ದರು. ಆಮೇಲೆ ಈ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಹೋಯಿತು. ಇಂದಿಗೂ ಅನೇಕರು ಅರ್ಜಿ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ಅಲ್ಲಿಂದ ನ್ಯಾಯಾಲಯಕ್ಕೆ ಹೋಗಿ ಎಂಬ ಉತ್ತರ ಪಡೆದು ಬರುವುದು ಇದರಿಂದಲೇ. ಇನ್ನೊಂದು ಬದಲಾವಣೆಯೂ ಆಗಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು, 1923ರ ಕಾಯ್ದೆಯ ವಿಷಯಗಳನ್ನು ತನ್ನ ಏಳನೇ ಅಧ್ಯಾಯದಲ್ಲಿ ಸೇರಿಸಿಕೊಂಡಿದೆ. ಆಯುಕ್ತರ ಜಾಗದಲ್ಲಿ ಸಕ್ಷಮ ಪ್ರಾಧಿಕಾರಿ ಎಂಬ ಹೆಸರು ಬಂದಿದೆಯಾದರೂ ಪರಿಹಾರದ ಮೂಲ ಚೌಕಟ್ಟು ಹಳೆಯದೇ. ಆ ದಿನಾಂಕಕ್ಕಿಂತ ಮೊದಲು ನಡೆದ ಅಪಘಾತಗಳ ಹಕ್ಕನ್ನು ಹಳೆಯ ಕಾಯ್ದೆಯ ಪ್ರಕಾರವೇ ನೋಡಬೇಕಾಗುತ್ತದೆ. ಈಗ ನ್ಯಾಯಾಲಯಗಳಲ್ಲಿ ನಡೆಯುತ್ತಿರುವ ಬಹುಪಾಲು ಪ್ರಕರಣಗಳು ಅಂಥವೇ ಆಗಿರುವುದರಿಂದ ನಾನು ಇಲ್ಲಿ ಹೆಚ್ಚಾಗಿ ಆ ಕಾಯ್ದೆಯ ಲೆಕ್ಕವನ್ನೇ ಹೇಳುತ್ತೇನೆ.

ಯಾವ ಅರ್ಜಿಗೂ ಕೈ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ, ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆಯೇ ಎಂಬುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಹಾಗೆ ಬಂದವರು ಮಾಲೀಕನ ಮೇಲೆ ಪರಿಹಾರದ ಪ್ರಕರಣ ಹಾಕುವಂತಿಲ್ಲ. ಅವರಿಗೆ ಸಲ್ಲುವುದು ಇಎಸ್‌ಐ ನಿಗಮದಿಂದ ಬರುವ ಅಂಗವೈಕಲ್ಯ ಭತ್ಯೆ, ಮರಣವಾದರೆ ಅವಲಂಬಿತರ ಭತ್ಯೆ. ಕೆಲಸದಲ್ಲಿ ಆದ ಗಾಯಕ್ಕೆ ಇಂತಿಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಅಲ್ಲಿಲ್ಲ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಕಾಣಿಸಿದರೆ ದಾರಿ ಅದೇ ಎಂದು ತಿಳಿದು ಅಲ್ಲಿಗೆ ಹೋಗುವುದು ಒಳ್ಳೆಯದು. ಎರಡು ವರ್ಷ ನ್ಯಾಯಾಲಯ ಸುತ್ತಿದ ಮೇಲೆ ಎದುರು ಪಕ್ಷದವರು ಇಎಸ್‌ಐ ನೋಂದಣಿಯ ಪ್ರತಿ ತಂದು ಅರ್ಜಿ ವಜಾ ಮಾಡಿಸುವುದಕ್ಕಿಂತ ಅದೆಷ್ಟೋ ವಾಸಿ.

ಇಎಸ್‌ಐ ಇಲ್ಲದವರಿಗೆ, ಅಂದರೆ ಲಾರಿ ಚಾಲಕರು, ಕ್ಲೀನರುಗಳು, ಹಮಾಲರು, ಕಟ್ಟಡ ಕೆಲಸದವರು, ನಾಲ್ಕೈದು ಜನರ ಶೆಡ್ಡುಗಳಲ್ಲಿ ಲೇತು, ಪ್ರೆಸ್ಸು ನಡೆಸುವವರು ಮುಂತಾದವರಿಗೆ ಈ ಕಾಯ್ದೆಯೇ ಆಸರೆ. ಯಾವ ಯಾವ ಕೆಲಸದವರು ಇದರೊಳಗೆ ಬರುತ್ತಾರೆ ಎಂಬ ದೊಡ್ಡ ಪಟ್ಟಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಟ್ರ್ಯಾಕ್ಟರಿನಿಂದ ಬೇಸಾಯ ಮಾಡುವವರಿಂದ ಹಿಡಿದು ಆನೆ ಹಿಡಿಯುವ ಕಾರ್ಯಾಚರಣೆಯಲ್ಲಿ ತೊಡಗಿದವರವರೆಗೆ ಎಲ್ಲರೂ ಅಲ್ಲಿದ್ದಾರೆ. ಖೆಡ್ಡಾ ನಡೆಯುತ್ತಿದ್ದ ಕಾಲದ ನೆನಪು ಕಾನೂನಿನ ಪುಸ್ತಕದಲ್ಲಿ ಹಾಗೇ ಉಳಿದುಕೊಂಡಿದೆ. ದಿನಗೂಲಿ, ಬಿಡಿ ಕೆಲಸದವನು ಎಂಬ ನೆಪ ಈಗ ನಡೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕೆಲಸಕ್ಕೆ ಬರುವವರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ. ಅದೇ ರೀತಿ, ಕಂಪನಿಯವರು ಗುತ್ತಿಗೆದಾರನ ಕಡೆ, ಗುತ್ತಿಗೆದಾರ ಮೇಸ್ತ್ರಿಯ ಕಡೆ ಬೆರಳು ತೋರಿಸಿದರೂ ಚಿಂತೆಯಿಲ್ಲ. ಗುತ್ತಿಗೆ ಕೊಟ್ಟ ಕೆಲಸ ಮೂಲ ಮಾಲೀಕನ ವ್ಯಾಪಾರದ ಭಾಗವಾಗಿದ್ದು, ಅಪಘಾತ ಅವನ ಹತೋಟಿಯ ಜಾಗದಲ್ಲಿ ನಡೆದಿದ್ದರೆ, ಪರಿಹಾರವನ್ನು ಅವನಿಂದಲೇ ಕೇಳಬಹುದು. ಅವನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಅರ್ಜಿಯಲ್ಲಿ ಇಬ್ಬರನ್ನೂ, ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸುವುದು ರೂಢಿ.

ತಪ್ಪು ಯಾರದು ಎಂಬ ಪ್ರಶ್ನೆಗೆ ಈ ಕಾನೂನಿನಲ್ಲಿ ಮಹತ್ವ ಬಹಳ ಕಡಿಮೆ. ಅಜಾಗರೂಕತೆಯಿಂದ ಪ್ರೆಸ್ಸಿನ ಡೈಗೆ ಕೈ ಕೊಟ್ಟ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಕುಡಿದು ಕೆಲಸ ಮಾಡಿದ್ದು, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದು, ಯಂತ್ರದ ಕಾಪನ್ನು (ಗಾರ್ಡನ್ನು) ಗೊತ್ತಿದ್ದೂ ಕಳಚಿಟ್ಟಿದ್ದು ಗಾಯಕ್ಕೆ ನೇರ ಕಾರಣವೆಂದು ಮಾಲೀಕ ಸಾಬೀತುಪಡಿಸಿದರೆ ಮಾತ್ರ ಅವನು ಹೊಣೆಯಿಂದ ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗ ಆ ವಾದಕ್ಕೂ ಎಡೆಯಿಲ್ಲ. ಕಾಪು ಕಳಚಿದ್ದರ ವಿಷಯದಲ್ಲಿ ನನ್ನದೊಂದು ಮಾತು ಇದೆ. ಉತ್ಪಾದನೆಯ ಲೆಕ್ಕ ಮುಟ್ಟಬೇಕೆಂದು ಕಾಪನ್ನು ಕಳಚಿಸುವವರು ಹೆಚ್ಚಾಗಿ ಮೇಲ್ವಿಚಾರಕರೇ; ಅಪಘಾತವಾದ ಸಂಜೆಯೇ ಅದು ಮತ್ತೆ ಯಂತ್ರಕ್ಕೆ ಕೂತಿರುತ್ತದೆ. ಮೊಬೈಲಿನಲ್ಲಿ ಯಾರಾದರೂ ಅದಕ್ಕೂ ಮೊದಲೇ ತೆಗೆದ ಒಂದು ಫೋಟೊ ಇದ್ದರೆ ಆ ವಾದ ಅಲ್ಲಿಗೇ ಮುಗಿಯುತ್ತದೆ.

ಈಗ ಮೊದಲ ವಾರದ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯಲ್ಲಿ ಬೆರಳು ಹೋದವನನ್ನು ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ಯುವವನು ಸಾಮಾನ್ಯವಾಗಿ ಸೂಪರ್‌ವೈಸರ್. ನೋವಿನಲ್ಲಿ ಒದ್ದಾಡುತ್ತಿರುವವನನ್ನು ಯಾರೂ ಏನೂ ಕೇಳುವುದಿಲ್ಲ. ಏನಾಯಿತು ಎಂದು ಡ್ಯೂಟಿ ಡಾಕ್ಟರು ಕೇಳಿದಾಗ ಉತ್ತರ ಕೊಡುವವನು ಆ ಸೂಪರ್‌ವೈಸರೇ. “ಮನೇಲಿ ಬಾಗಿಲಿಗೆ ಸಿಕ್ಕಿಕೊಂಡಿತು ಸಾರ್” ಎಂದು ಅವನು ಹೇಳಿದರೆ ಕೇಸ್ ಶೀಟಿನಲ್ಲಿ ಅದೇ ಮಾತು ದಾಖಲಾಗುತ್ತದೆ. ಅಪಘಾತವೆಂದು ಪೊಲೀಸರಿಗೆ ತಿಳಿಸುವ ಎಂಎಲ್‌ಸಿ ಆಗುವುದಿಲ್ಲ, ಎಫ್‌ಐಆರ್ ಆಗುವುದಿಲ್ಲ, ಸ್ಥಳದ ಮಹಜರು ಆಗುವುದಿಲ್ಲ. ಖರ್ಚನ್ನೆಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂಬ ಮಾತು ಮಾತ್ರ ಆಗುತ್ತದೆ. ನನ್ನ ಪರಿಚಯದ ಒಬ್ಬ ಯುವಕನ ಕೇಸ್ ಶೀಟಿನ ಪ್ರತಿಯನ್ನು ನಾನು ನೋಡಿದ್ದೇನೆ. ಗಾಯದ ವಿವರಣೆಯಲ್ಲಿ ನಾಲ್ಕು ಬೆರಳುಗಳ ಮೇಲೆ ಒಂದೇ ನೇರಕ್ಕೆ ಜಜ್ಜಿದ ಗಾಯ ಎಂದಿದ್ದರೆ, ಅದರ ಮೇಲಿನ ಸಾಲಿನಲ್ಲಿ ಮನೆಯಲ್ಲಿ ಜಾರಿಬಿದ್ದ ಎಂದಿತ್ತು. ಬೀಳುವವನ ಕೈಗೆ ಅಂಥ ಗಾಯ ಹೇಗೆ ಆದೀತು ಎಂದು ವೈದ್ಯರ ಬಾಯಿಂದಲೇ ಸಾಕ್ಷ್ಯ ನುಡಿಸಿ ಆ ಒಂದು ಸಾಲನ್ನು ದಾಟುವುದಕ್ಕೆ ಅವನ ವಕೀಲರು ಪಟ್ಟ ಪಾಡು, ಉಳಿದ ಇಡೀ ಪ್ರಕರಣಕ್ಕೆ ಪಟ್ಟ ಪಾಡಿಗಿಂತ ದೊಡ್ಡದು.

ಆದ್ದರಿಂದ ಮನೆಯವರೋ ಸಹೋದ್ಯೋಗಿಯೋ ಆಸ್ಪತ್ರೆಗೆ ಹೋದ ಕೂಡಲೇ ಮಾಡಬೇಕಾದದ್ದು, ಕೆಲಸದ ಜಾಗದಲ್ಲಿ, ಇಂಥ ಯಂತ್ರದಲ್ಲಿ ಆದ ಗಾಯ ಎಂದು ದಾಖಲಿಸಿ ಎಂಎಲ್‌ಸಿ ಮಾಡಿ ಎಂದು ಕೇಳುವುದು. ಖಾಸಗಿ ಆಸ್ಪತ್ರೆ ಒಪ್ಪದಿದ್ದರೆ ಸಂಬಂಧಪಟ್ಟ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಮುಂದೆ ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಔಷಧದ ಬಿಲ್ಲುಗಳು, ಇವನ್ನೆಲ್ಲ ಮೂಲಪ್ರತಿಯಾಗಿಯೇ ಇಟ್ಟುಕೊಳ್ಳಬೇಕು. 2010ರಿಂದೀಚೆಗೆ ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನೂ ಮಾಲೀಕನೇ ಭರಿಸಬೇಕೆಂದು ಕಾಯ್ದೆಯಲ್ಲಿ ಇರುವುದರಿಂದ ಬಿಲ್ಲುಗಳಿಗೆ ಪರಿಹಾರದಿಂದ ಬೇರೆಯಾದ ಬೆಲೆಯಿದೆ. ಕೆಲಸಕ್ಕಿದ್ದುದಕ್ಕೆ ಪುರಾವೆಯಾಗಿ ಹಾಜರಿ ಪುಸ್ತಕದ ಫೋಟೊ, ಗೇಟ್ ಪಾಸ್, ಗುರುತಿನ ಚೀಟಿ, ಸಂಬಳ ಬಂದ ಫೋನ್‌ಪೇ ದಾಖಲೆ, ಮೇಸ್ತ್ರಿ ನಾಳೆ ಬೇಗ ಬಾ ಎಂದು ಕಳಿಸಿದ ವಾಟ್ಸಾಪ್ ಸಂದೇಶ, ಇಂಥವು ಯಾವುದಾದರೂ ಸರಿ. ಜೊತೆಗೆ, ಅಪಘಾತದ ವಿವರವನ್ನು ಬರೆದು ಮಾಲೀಕನಿಗೆ ನೋಂದಣಿ ಸೌಲಭ್ಯವಿರುವ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸು ಕಳಿಸಬೇಕು. ನೋಟಿಸಿಲ್ಲದಿದ್ದರೂ ಅಪಘಾತ ಮಾಲೀಕನಿಗೆ ಬೇರೆ ದಾರಿಯಿಂದ ತಿಳಿದಿದ್ದರೆ ಹಕ್ಕು ಹೋಗುವುದಿಲ್ಲ. ಆದರೆ ತಿಳಿದೇ ಇರಲಿಲ್ಲ ಎಂಬ ಸುಳ್ಳಿಗೆ ಆ ಅಂಚೆ ರಸೀದಿ ಅಡ್ಡ ನಿಲ್ಲುತ್ತದೆ.

ಅದೇ ವಾರದಲ್ಲಿ ಇನ್ನೊಂದು ಕಾಗದವೂ ಬರುವುದುಂಟು. ಆಸ್ಪತ್ರೆಯ ಮಂಚದ ಪಕ್ಕಕ್ಕೆ ಒಂದಿಷ್ಟು ನಗದು ಮತ್ತು ಮುದ್ರಾಂಕದ ಹಾಳೆ ಒಟ್ಟಿಗೆ ಬರುತ್ತವೆ. ಸ್ವಂತ ಇಚ್ಛೆಯಿಂದ ಪೂರ್ಣ ಪರಿಹಾರ ಪಡೆದಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಸಹಿ ಹಾಕಬೇಡಿ ಎಂದೇ ನನ್ನ ಸಲಹೆ. ಆದರೆ ಹಾಕಿಯೇ ಬಿಟ್ಟವರು ಎದೆಗುಂದಬೇಕಾಗಿಲ್ಲ. ಕಾಯ್ದೆ ಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರಿಗೂ ಬೆಲೆಯಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಪರಿಹಾರದ ಬಗ್ಗೆ ರಾಜಿಯಾದರೆ ಅದನ್ನು ಆಯುಕ್ತರ ಮುಂದೆ ನೋಂದಾಯಿಸಬೇಕು. ನೋಂದಾಯಿಸದ ಮಾಲೀಕ ಪೂರ್ಣ ಮೊತ್ತಕ್ಕೆ ಹೊಣೆಯಾಗಿಯೇ ಉಳಿಯುತ್ತಾನೆ. ಸಾವಿನ ಪ್ರಕರಣದಲ್ಲಿ ನಿಯಮ ಇನ್ನೂ ಬಿಗಿ. ಪರಿಹಾರವನ್ನು ಆಯುಕ್ತರ ಬಳಿ ಠೇವಣಿ ಇಡಬೇಕೇ ಹೊರತು ಹೆಂಡತಿಯ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಕೊಟ್ಟಂತೆಯೇ ಅಲ್ಲ. ಮೂರು ತಿಂಗಳ ಸಂಬಳದಷ್ಟು ಮುಂಗಡವನ್ನು ಮಾತ್ರ ಆಮೇಲೆ ವಜಾ ಮಾಡಿಕೊಳ್ಳಲು ಅವಕಾಶವಿದೆ.

ಮೊತ್ತದ ಲೆಕ್ಕ ಕಷ್ಟದ್ದಲ್ಲ. ಮರಣವಾದರೆ ಮಾಸಿಕ ಸಂಬಳದ ಶೇ. 50ನ್ನು, ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಶೇ. 60ನ್ನು, ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ಆ ಗುಣಕ 30 ವರ್ಷಕ್ಕೆ 207.98, 40 ವರ್ಷಕ್ಕೆ 184.17, 50 ವರ್ಷಕ್ಕೆ 153.09. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದಕ್ಕೆ ಮಿತಿಯಿದೆ: 2010ರಿಂದ 8,000 ರೂಪಾಯಿ ಇದ್ದ ಆ ಮಿತಿ 2020ರ ಜನವರಿಯಲ್ಲಿ 15,000 ಆಯಿತು. ಹೀಗಾಗಿ 15,000 ಅಥವಾ ಹೆಚ್ಚು ಸಂಬಳವಿದ್ದ 40 ವರ್ಷದವನು ತೀರಿಕೊಂಡರೆ 7,500ನ್ನು 184.17ರಿಂದ ಗುಣಿಸಿ 13,81,275 ರೂಪಾಯಿ. ಅವನೇ ಬದುಕುಳಿದು ಮತ್ತೆಂದೂ ದುಡಿಯಲಾರದಂತಾದರೆ 9,000ವನ್ನು ಅದೇ ಗುಣಕದಿಂದ ಗುಣಿಸಿ 16,57,530. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30ರಷ್ಟು ನಷ್ಟ ಎಂದು ಮೊದಲ ಅನುಸೂಚಿ ಹೇಳುವುದರಿಂದ, ಅದೇ ವ್ಯಕ್ತಿಗೆ ಆ ಮೊತ್ತದ ಶೇ. 30, ಅಂದರೆ 4,97,259 ರೂಪಾಯಿ. ತೋರುಬೆರಳಿಗೆ ಶೇ. 14, ಒಂದು ಕೈಯ ನಾಲ್ಕು ಬೆರಳುಗಳಿಗೆ ಶೇ. 50, ಒಂದು ಕಣ್ಣಿಗೆ ಶೇ. 40 ಎಂದು ಪಟ್ಟಿ ಮುಂದುವರಿಯುತ್ತದೆ. ಗುಣವಾಗುವ ಗಾಯಕ್ಕೆ, ಕೆಲಸ ಮಾಡಲಾಗದ ಅವಧಿಯಲ್ಲಿ ಪ್ರತಿ ಅರ್ಧ ತಿಂಗಳಿಗೆ ಮಾಸಿಕ ಸಂಬಳದ ಕಾಲು ಭಾಗ ಸಿಗಬೇಕು. ಇದನ್ನು ಕೇಳುವವರೇ ಕಡಿಮೆ.

ಆದರೆ ಪಟ್ಟಿಯ ಅಂಕಿಗಳೇ ಕೊನೆಯ ಮಾತಲ್ಲ, ಮತ್ತು ಇಡೀ ಕಾನೂನಿನಲ್ಲಿ ನನಗೆ ಅತ್ಯಂತ ಮಾನವೀಯವಾಗಿ ಕಾಣುವ ಭಾಗ ಇದೇ. ಒಡಿಶಾದ ಜೈಪುರ ಎಂಬಲ್ಲಿ, ರಾಜಸ್ಥಾನದ ಜೈಪುರವಲ್ಲ, ಒಂದು ಸಿನಿಮಾ ಮಂದಿರದ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1969ರಲ್ಲಿ ಬಿದ್ದು, ಅವನ ಎಡಗೈಯನ್ನು ಮೊಣಕೈ ಮೇಲಿನಿಂದ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಅದು ಭಾಗಶಃ ನಷ್ಟ. ಆದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಅವನ ಪಾಲಿಗೆ ನಷ್ಟ ನೂರಕ್ಕೆ ನೂರು ಎಂಬ ನಿಲುವನ್ನು 1975ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪರಿಹಾರ ಸಲ್ಲಬೇಕಾದದ್ದು ಅಪಘಾತದ ದಿನದಿಂದಲೇ, ಆದೇಶದ ದಿನದಿಂದಲ್ಲ ಎಂದೂ ಅದೇ ತೀರ್ಪು ಹೇಳಿತು. ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣದಲ್ಲಿ ಟ್ಯಾಂಕರ್ ಚಾಲಕನೊಬ್ಬ ಬಲಗಾಲನ್ನು ಕಳೆದುಕೊಂಡಿದ್ದ. ಹೈಕೋರ್ಟು ಅವನ ನಷ್ಟವನ್ನು ಶೇ. 65ಕ್ಕೆ ಇಳಿಸಿತ್ತು. ಕಾಲಿಲ್ಲದವನು ಚಾಲಕನಾಗಿ ದುಡಿಯಲಾರ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಶೇ. 100ಕ್ಕೆ ತಂದಿತು. ಹೀಗಾಗಿ ವೈದ್ಯರು ಬರೆದುಕೊಡುವ ಅಂಗವೈಕಲ್ಯದ ಪ್ರಮಾಣ ಒಂದು, ಗಳಿಕೆಯ ಶಕ್ತಿಯ ನಷ್ಟ ಇನ್ನೊಂದು. ಏನು ಕೆಲಸ ಮಾಡುತ್ತಿದ್ದೆ, ಆ ಕೆಲಸಕ್ಕೆ ಈ ಅಂಗ ಎಷ್ಟು ಬೇಕು, ಈಗ ಏನು ಮಾಡಲಾರೆ ಎಂಬುದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು. ಕೂಲಿ ಕೆಲಸ ಎಂದಷ್ಟೇ ಬರೆದು ಮುಗಿಸಿದ ಅರ್ಜಿಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಎಂಟು ಗಂಟೆ ನಿಂತು ಡೈ ಕೂರಿಸುವವನ ಕೌಶಲವೆಲ್ಲ ಆ ಎರಡು ಪದಗಳಲ್ಲಿ ಅಳಿಸಿಹೋಗುತ್ತದೆ.

ಸಂಬಳದ ಪುರಾವೆಯೂ ಅಷ್ಟೇ ಮುಖ್ಯ. ವಿಮಾ ಕಂಪನಿಯ ವಕೀಲರ ಪಾಟೀಸವಾಲು ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಸಂಬಳ ಕೊಟ್ಟಿದ್ದಕ್ಕೆ ದಾಖಲೆ ಏನಮ್ಮ ಇದೆ ಎಂದು ಕೇಳಿದರೆ, “ಶನಿವಾರ ಶನಿವಾರ ಕೈಗೇ ಕೊಡ್ತಿದ್ರು ಸ್ವಾಮಿ” ಎಂಬುದೇ ಗಂಡನನ್ನು ಕಳೆದುಕೊಂಡ ಬಹುತೇಕ ಹೆಂಗಸರು ಕೊಡಬಲ್ಲ ಉತ್ತರ, ಮತ್ತು ಅದು ನಿಜವೂ ಹೌದು. ಇಂಥ ಕಡೆ ಆ ಉದ್ಯೋಗಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನದ ಅಧಿಸೂಚನೆಯ ಪ್ರತಿಯನ್ನು ಹಾಜರುಪಡಿಸುವುದು ಒಳ್ಳೆಯದು. ಅದಕ್ಕಿಂತ ಕಡಿಮೆ ಕೊಡುತ್ತಿದ್ದೆ ಎಂದು ಯಾವ ಮಾಲೀಕನೂ ಪ್ರಮಾಣ ಮಾಡಿ ಹೇಳಲಾರ.

ಅರ್ಜಿಯನ್ನು ಎಲ್ಲಿ ಹಾಕಬೇಕು ಎಂಬುದರಲ್ಲಿ ಕಾಯ್ದೆ ಉದಾರವಾಗಿದೆ. ಅಪಘಾತವಾದ ಸ್ಥಳ, ಕಾರ್ಮಿಕ ಅಥವಾ ಅವನ ಅವಲಂಬಿತರು ವಾಸಿಸುವ ಸ್ಥಳ, ಮಾಲೀಕನ ನೋಂದಾಯಿತ ಕಚೇರಿಯ ಸ್ಥಳ, ಈ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೋ ಮುಂಬಯಿಗೋ ಗುಳೆ ಬಂದವರಿಗೆ ಇದರ ಬೆಲೆ ದೊಡ್ಡದು. ಗಂಡನನ್ನು ಕಳೆದುಕೊಂಡವಳು ಪ್ರತಿ ವಾಯಿದೆಗೂ ರಾತ್ರಿ ಬಸ್ಸು ಹಿಡಿದು ಪರವೂರಿಗೆ ಬರಬೇಕಾಗಿಲ್ಲ. ತನ್ನ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಅವಧಿ ಅಪಘಾತ ಅಥವಾ ಮರಣದ ದಿನದಿಂದ ಎರಡು ವರ್ಷ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಇದೆಯಾದರೂ ಆ ದಾಕ್ಷಿಣ್ಯವನ್ನು ನಂಬಿ ಕೂರಬಾರದು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಕಾರ್ಖಾನೆ ಕಾರ್ಮಿಕರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯಲು ಅರ್ಹರು. ಬಂದ ಹಣದಲ್ಲಿ ಇಷ್ಟು ಪಾಲು ಎಂದು ಮೊದಲೇ ಮಾತಾಡಿಕೊಳ್ಳುವ ಮಧ್ಯವರ್ತಿಗಳ ಹತ್ತಿರ ಹೋಗುವ ಮೊದಲು ನ್ಯಾಯಾಲಯದ ಆವರಣದಲ್ಲೇ ಇರುವ ಆ ಕಚೇರಿಯ ಬಾಗಿಲನ್ನು ಒಮ್ಮೆ ನೋಡಿ ಬರುವುದು ಮೇಲು.

ವಾಹನದ ಅಪಘಾತವಾದರೆ ಇನ್ನೊಂದು ಆಯ್ಕೆ ಎದುರಾಗುತ್ತದೆ. ಮೋಟಾರು ವಾಹನ ಅಪಘಾತ ನ್ಯಾಯಮಂಡಳಿಗೂ ಹೋಗಬಹುದು, ಈ ಕಾಯ್ದೆಯ ಕೆಳಗೂ ಹೋಗಬಹುದು, ಆದರೆ ಎರಡೂ ಕಡೆ ಪಡೆಯುವಂತಿಲ್ಲ. ತಪ್ಪು ಎದುರಿನ ವಾಹನದ್ದಾಗಿದ್ದು, ಸಂಬಳವೂ ಹೆಚ್ಚಾಗಿದ್ದರೆ ನ್ಯಾಯಮಂಡಳಿಯಲ್ಲಿ ಮೊತ್ತ ಹೆಚ್ಚು ಬರಬಹುದು. ಲಾರಿ ತಾನಾಗಿ ಮಗುಚಿ ಚಾಲಕನೇ ಗಾಯಗೊಂಡಿದ್ದರೆ, ತಪ್ಪನ್ನು ಕೇಳದ ಈ ಕಾಯ್ದೆಯೇ ಅವನಿಗೆ ಸರಿಯಾದ ದಾರಿ. ಮನೆಯಿಂದ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ಆದ ಅಪಘಾತದ ಬಗ್ಗೆ ಬಹುಕಾಲ ಗೊಂದಲವಿತ್ತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ರಾತ್ರಿ ಪಾಳಿಗೆ ಬೈಕಿನಲ್ಲಿ ಹೋಗುತ್ತಾ ಕಾರ್ಖಾನೆಗೆ ಇನ್ನೂ ಐದು ಕಿಲೋಮೀಟರ್ ಇರುವಾಗ ಮೃತಪಟ್ಟ ಪ್ರಕರಣದಲ್ಲಿ, ಅಪಘಾತದ ಸಮಯ, ಸ್ಥಳ ಮತ್ತು ಸಂದರ್ಭಕ್ಕೂ ಉದ್ಯೋಗಕ್ಕೂ ನಂಟಿದ್ದರೆ ಅದೂ ಕೆಲಸದ ಅಪಘಾತವೇ ಎಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ಹೊಸ ಸಂಹಿತೆಯಲ್ಲಿ ಆ ಮಾತು ನೇರವಾಗಿಯೇ ಇದೆ.

ವಿಚಾರಣೆಯನ್ನು ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಹಾಗೆ ಮುಗಿದದ್ದನ್ನು ನಾನು ಕಂಡಿಲ್ಲ. ತಡಕ್ಕೆ ಇರುವ ಮದ್ದು ಬಡ್ಡಿ. ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದ ಮಾಲೀಕ ವರ್ಷಕ್ಕೆ ಶೇ. 12ರ ಬಡ್ಡಿ ಕೊಡಬೇಕು, ಸಕಾರಣವಿಲ್ಲದೆ ತಡಮಾಡಿದ್ದರೆ ಪರಿಹಾರದ ಶೇ. 50ರವರೆಗೆ ದಂಡವನ್ನೂ ಕೊಡಬೇಕಾಗಬಹುದು. ಬಡ್ಡಿಯ ಹೊಣೆ ವಿಮಾ ಕಂಪನಿಯ ಮೇಲೆ ಬೀಳಬಹುದಾದರೂ ದಂಡ ಮಾಲೀಕನ ಜೇಬಿನಿಂದಲೇ ಹೋಗಬೇಕು. ಬಡ್ಡಿಯನ್ನೂ ದಂಡವನ್ನೂ ಅರ್ಜಿಯಲ್ಲಿ ಬೇರೆ ಬೇರೆಯಾಗಿ ಕೇಳಿರಬೇಕು. ಆದೇಶದ ವಿರುದ್ಧ 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು, ಅದೂ ಕಾನೂನಿನ ಗಣನೀಯ ಪ್ರಶ್ನೆ ಇದ್ದರೆ ಮಾತ್ರ. ಮಾಲೀಕನೇ ಮೇಲ್ಮನವಿ ಹೋಗುವುದಾದರೆ ಆದೇಶದ ಮೊತ್ತವನ್ನು ಮೊದಲು ಠೇವಣಿ ಇಟ್ಟು ಬರಬೇಕು. ವಾಸ್ತವಾಂಶಗಳ ಬಗ್ಗೆ ಆಯುಕ್ತರ ಮಾತೇ ಕೊನೆ ಎಂದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿರುವುದರಿಂದ, ಕೆಳಗೆ ಸರಿಯಾಗಿ ಸಾಬೀತಾದ ಪ್ರಕರಣ ಮೇಲೆ ಹೋಗಿ ಬೀಳುವ ಭಯ ಕಡಿಮೆ.

ಹಣ ಠೇವಣಿಯಾದ ಮೇಲೆ ಅದನ್ನು ಹೆಂಡತಿ, ಮಕ್ಕಳು, ತಾಯಿ ಮುಂತಾದ ಅವಲಂಬಿತರ ನಡುವೆ ಹಂಚುವುದು ಆಯುಕ್ತರ ಕೆಲಸ. ಅಪ್ರಾಪ್ತ ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡುವಂತೆ ಆದೇಶವಾಗುವುದು ಸಾಮಾನ್ಯ. ಶಾಲೆಯ ಶುಲ್ಕಕ್ಕೋ ಚಿಕಿತ್ಸೆಗೋ ನಡುವೆ ಬೇಕಾದರೆ, ಖರ್ಚಿನ ಅಂದಾಜು ಪಟ್ಟಿ ಲಗತ್ತಿಸಿ ಅದೇ ನ್ಯಾಯಾಲಯಕ್ಕೆ ಇನ್ನೊಂದು ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಅದಕ್ಕಾಗಿ ಮೂಲ ಪ್ರಕರಣದ ಸಂಖ್ಯೆ, ಆದೇಶದ ದೃಢೀಕೃತ ಪ್ರತಿ ಮತ್ತು ಠೇವಣಿಯ ರಸೀದಿಯನ್ನು ಒಂದೇ ಕಡತದಲ್ಲಿ ಜೋಪಾನವಾಗಿ ಇಟ್ಟಿರಬೇಕು.